ಕರೆದರೆ ಬಾರದ ಕರಿಯ

ದೇವರಾಯಸಮುದ್ರದ ಆವಲಪ್ಪನಿಗೆ ಊರವರು ಇಟ್ಟ ಹೆಸರು ‘ನಾಯಿಮೇಷ್ಟ್ರು’. ಅಣಕಕ್ಕೆ ಇಟ್ಟದ್ದೇ ಆದರೂ ಆತ ಅದನ್ನು ಬಿರುದು ಅಂತಲೇ ಹೊತ್ತುಕೊಂಡು ತಿರುಗಿದ. ಟೊಮೆಟೊಗೆ ಬೆಲೆ ಬಂದ ವರ್ಷವಂತೂ ಕೇಳಲೇಬೇಡಿ! ಕೋಲಾರದ ಮಾರ್ಕೆಟ್ಟಿನಲ್ಲಿ ರೇಟು ಏರಿದ ಹಾಗೆಲ್ಲ ಹೊಲಗಳಲ್ಲಿ ಕಳ್ಳತನವೂ ಏರಿತು. ಶ್ರೀನಿವಾಸಪುರದಿಂದ, ಮಾಲೂರಿನ ಕಡೆಯಿಂದ ಜನ ನಾಯಿಮರಿಗಳನ್ನು ಚೀಲದಲ್ಲಿ ಹಾಕಿಕೊಂಡು ಬೈಕಿನಲ್ಲಿ ಬಂದರು. “ಅಣ್ಣಾ, ಕಾವಲಿಗೆ ರೆಡಿ ಮಾಡ್ಕೊಡು” ಎಂದು ಬಿಟ್ಟು ಹೋದರು.

ಆವಲಪ್ಪನ ಪಾಠ ಎಂಥದ್ದು ಅಂತೀರಾ? ಮರಿ ಚಪ್ಪಲಿ ಕಡಿಯಿತೋ, ಸಸಿ ಕೆದರಿತೋ, ಅವನು ಅದರ ಬೆನ್ನು ಹತ್ತುತ್ತಿರಲಿಲ್ಲ. ನಿಂತಲ್ಲೇ ನಿಂತು ಹೆಸರು ಹಿಡಿದು ಕರೆಯುತ್ತಿದ್ದ. ಅದು ಬಾಲ ಆಡಿಸುತ್ತ ಕಾಲ ಬಳಿ ಬಂದ ಮೇಲೆ ಕಿವಿ ಹಿಡಿದು ಹುಣಸೆ ಬರಲಿನಿಂದ ಬಾರಿಸುತ್ತಿದ್ದ. ದಂಡಂ ದಶಗುಣಂ! ಮಾಡಿದ ತಪ್ಪಿಗಲ್ಲ, ಕರೆದಾಗ ಬಂದದ್ದಕ್ಕೇ ಏಟು ಬಿತ್ತು ಎಂದು ಮರಿ ತಿಳಿದುಕೊಂಡೀತು ಎಂಬ ಯೋಚನೆ ಆ ಪುಣ್ಯಾತ್ಮನಿಗೆ ಒಂದು ದಿನವೂ ಬರಲಿಲ್ಲ. ಮಗ ಮುರಳೀಕೃಷ್ಣನನ್ನು ಬೆಳೆಸಿದ್ದೂ ಇದೇ ಬರಲಿನಲ್ಲಿ. ಈಗ ಮುರಳಿ ಲಕ್ಕೂರಿನ ಹತ್ತಿರ ಒಂದು ಫ್ಯಾಕ್ಟರಿಯಲ್ಲಿದ್ದಾನೆ. ಊರಿಗೆ ಬಂದರೂ ಅಪ್ಪ ಹೊಲಕ್ಕೆ ಹೋದ ಹೊತ್ತು ನೋಡಿ ಬಂದು, ಅಮ್ಮನ ಕೈಯ ಮುದ್ದೆ ಉಂಡು ಹೊರಟುಬಿಡುತ್ತಾನೆ.

ಇನ್ನೊಂದು ಪಾಠ ಕ್ರೇಟಿನದು. ಟೊಮೆಟೊ ಕದಿಯುವವನು ಕ್ರೇಟು ತಲೆ ಮೇಲೆ ಹೊತ್ತೇ ಓಡಬೇಕಲ್ಲ? ಅದಕ್ಕೆ ಪಕ್ಕದ ಮನೆಯ ಆಂಜಿಯ ಕೈಗೆ ಗೋಣಿ ಸುತ್ತಿ, ತಲೆಗೆ ಖಾಲಿ ಕ್ರೇಟು ಹೊರಿಸಿ, ಕೋಲಿನಿಂದ ನಾಯಿಯನ್ನು ತಿವಿಸುತ್ತಿದ್ದ. ಅದು ರೇಗಿ ಗೋಣಿಗೆ ಬಾಯಿ ಹಾಕಿದರೆ “ಭೇಷ್!” ಎಂದು ಒಂದು ತುಂಡು ಮಾಂಸ. ಆವಲಪ್ಪನ ಸ್ವಂತ ನಾಯಿ ಕರಿಯ ಈ ವಿದ್ಯೆಯಲ್ಲಿ ಎತ್ತಿದ ಕೈ. ಟೊಮೆಟೊ ಕೀಳುವ ದಿನ ಅದನ್ನು ಪಂಪ್‌ಸೆಟ್ ಮನೆಯ ಹಿಂದೆ ಸರಪಳಿಯಲ್ಲಿ ಕಟ್ಟಿಹಾಕುವುದು ವಾಡಿಕೆ.

ಈಚೆಗೆ ಒಂದು ಕೀಳುವ ದಿನ ಸರಪಳಿಯ ಕೊಂಡಿ ಕಳಚಿಕೊಂಡಿತು. ಎಲ್ಲಮ್ಮ ತಲೆಗೆ ಸಿಂಬೆ ಇಟ್ಟು ತುಂಬಿದ ಕ್ರೇಟು ಹೊತ್ತು ಬದುವಿನ ಮೇಲೆ ನಾಲ್ಕು ಹೆಜ್ಜೆ ಹಾಕಿದ್ದಳು, ಅಷ್ಟೇ. ಆರು ವರ್ಷದಿಂದ ಆವಲಪ್ಪನ ಹೊಲಕ್ಕೆ ಕೂಲಿಗೆ ಬರುವವಳು. ಕರಿಯನಿಗೆ ಎಷ್ಟೋ ಸಲ ತನ್ನ ಬುತ್ತಿಯ ತುತ್ತು ಹಾಕಿದವಳು. ಅದೆಲ್ಲ ಯಾವ ಲೆಕ್ಕ? ನಾಯಿಗೆ ಕಂಡದ್ದು ಕ್ರೇಟು. ಹಾರಿ ಮೊಣಕೈ ಹಿಡಿಯಿತು.

“ಕರಿಯಾ! ಬಾರೋ ಇಲ್ಲಿ! ಬಾ!” ಆವಲಪ್ಪ ಗಂಟಲು ಹರಿಯುವಂತೆ ಕೂಗಿದ. ನಾಯಿ ಬಿಡಲಿಲ್ಲ. ಅವನ ಹೆಂಡತಿ ಶಾಮಲಮ್ಮ ಬಿಂದಿಗೆಯ ನೀರನ್ನು ಮುಖಕ್ಕೆ ಎರಚಿದ ಮೇಲೆ ಬಿಟ್ಟು, ಒಮ್ಮೆ ಯಜಮಾನನ ಕಡೆ ನೋಡಿ, ಕೆರೆ ಕಡೆಗೆ ದೌಡಾಯಿಸಿತು.

ಆಸ್ಪತ್ರೆಯಲ್ಲಿ ಗಾಯ ತೊಳೆದು ಇಂಜೆಕ್ಷನ್ ಶುರು ಮಾಡಿದರು. ಡಾಕ್ಟರು ಹೇಳಿದ್ದು ಇಷ್ಟು: ಇಂಜೆಕ್ಷನ್ ಒಂದೂ ತಪ್ಪಿಸಬೇಡಿ, ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿ, ಅದು ಚೆನ್ನಾಗೇ ಇದ್ದರೆ ಹುಚ್ಚಿನ ಭಯವಿಲ್ಲ.

ಎಲ್ಲಮ್ಮ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು, “ಅಣ್ಣಾ, ನಾಯೀನ ಜೀವಂತ ಹಿಡ್ಕೊಂಡು ಬಾ. ಅದು ಕಣ್ಮುಂದೆ ಇದ್ರೆ ನಂಗೆ ಧೈರ್ಯ. ನಂಗೆ ಇಬ್ರು ಹೆಣ್ಮಕ್ಕಳು ಅಣ್ಣಾ” ಎಂದಳು. ಆವಲಪ್ಪನಿಗೆ ತಲೆ ಎತ್ತಲಾಗಲಿಲ್ಲ.

ಅಷ್ಟರಲ್ಲಿ ಊರಲ್ಲಿ ಎಲ್ಲಮ್ಮನ ತಮ್ಮ ಸುರೇಶ ನಾಲ್ಕು ಜನರನ್ನು ಕೂಡಿಸಿಕೊಂಡು ದೊಣ್ಣೆ ಹಿಡಿದು ನಿಂತಿದ್ದ. “ಹೊತ್ತು ಮುಳುಗೋವರೆಗೂ ಟೈಮು ಮೇಷ್ಟ್ರೇ. ಆಮೇಲೆ ಕೆರೆ ಹತ್ರ ಕಂಡಲ್ಲೇ ಹೊಡೆದು ಹಾಕ್ತೀವಿ. ಅಕ್ಕ ಏನಾದ್ರೂ ಹೇಳ್ಲಿ, ಊರಲ್ಲಿ ಮಕ್ಕಳಿದಾವೆ” ಎಂದ. ಅದೂ ತಪ್ಪಲ್ಲ ಎಂದು ಆವಲಪ್ಪನಿಗೂ ಗೊತ್ತಿತ್ತು.

ಕೆರೆ ಏರಿಯ ಕೆಳಗಿನ ಜಾಲಿ ಪೊದೆಯಲ್ಲಿ ಕರಿಯ ಕಂಡಿತು. ಆವಲಪ್ಪ ಹಗ್ಗವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಕರೆದ. ನಾಯಿ ಹತ್ತು ಮಾರು ಹಿಂದೆ ಸರಿಯಿತು. ಮತ್ತೆ ಕರೆದ, ಮತ್ತೆ ಹತ್ತು ಮಾರು. ತೆಲುಗಿನಲ್ಲಿ “ರಾರಾ ನಾಯನಾ” ಎಂದು ಬೇಡಿದ, ರೇಗಿದ, ಬೈದ. ಬಿಸಿಲು ಇಳಿಯುತ್ತ ಬಂತು. ಊರೂರಿನ ನಾಯಿಗಳಿಗೆ ಬುದ್ಧಿ ಕಲಿಸಿದವನ ಮಾತನ್ನು ಮನೆ ನಾಯಿಯೇ ಕೇಳದು!

ಹಿಂದೆ ಬಂದಿದ್ದ ಶಾಮಲಮ್ಮನಿಗೆ ತಡೆಯಲಾಗಲಿಲ್ಲ. “ಎಷ್ಟು ಕೂಗಿದ್ರೂ ಅಷ್ಟೇ. ನೀವು ಕರೆದಾಗೆಲ್ಲ ಅದಕ್ಕೆ ಬಿದ್ದಿರೋದು ಏಟೇ. ಮತ್ತೆ ಯಾಕೆ ಬರುತ್ತೆ? ಮುರಳೀನ್ನೂ ಹಂಗೇ ಕರೆದು ಕರೆದು ಹೊಡೆದ್ರಿ. ಬರ್ತಾನಾ ಅವ್ನು?”

ಬೇರೆ ದಿನವಾಗಿದ್ದರೆ ಆವಲಪ್ಪ ಹಾರಾಡಿಬಿಡುತ್ತಿದ್ದ. ಇವತ್ತು ಹಗ್ಗವನ್ನು ಅವಳ ಕೈಗೆ ಕೊಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ. ಅವನು ನೆಲದ ಮೇಲೆ ಕುಕ್ಕರಿಸಿದ. ಶಾಮಲಮ್ಮ ತಂದಿದ್ದ ಮುದ್ದೆಯನ್ನು ಮುರಿದು ಸುತ್ತ ಇಟ್ಟುಕೊಂಡು, ನಾಯಿಗೆ ಬೆನ್ನು ಮಾಡಿ ಕೂತ. ಕರೆಯಲಿಲ್ಲ. ಏರಿಯ ಮೇಲೆ ಸುರೇಶನ ಗುಂಪಿನ ಮಾತು ಕೇಳುತ್ತಿತ್ತು. ಸೂರ್ಯ ನೀರಿಗೆ ತಾಗಿದ್ದ. ಈ ಜನ್ಮದಲ್ಲಿ ಆವಲಪ್ಪ ಅಷ್ಟು ಹೊತ್ತು ಸುಮ್ಮನೆ ಕೂತದ್ದೇ ಇಲ್ಲ.

ಹಿಂದೆ ತರಗೆಲೆ ಸರಸರ ಎಂದಿತು. ಮುದ್ದೆ ನುಂಗುವ ಸದ್ದಾಯಿತು. ಆವಲಪ್ಪ ಮೆಲ್ಲಗೆ ತಿರುಗಿ, ತಲೆ ಸವರೋಣವೆಂದು ಕೈ ಎತ್ತಿದ.

ಕರಿಯ ಓಡಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕಿವಿ ಮಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು. ಮೈ ಗಡಗಡ ನಡುಗಿ, ಇದ್ದಲ್ಲೇ ಉಚ್ಚೆ ಹೊಯ್ದುಕೊಂಡಿತು. ಏಟಿಗೆ ಕಾಯುತ್ತಿತ್ತು. ಎಂಟು ವರ್ಷದ ಮುರಳಿ ಹುಣಸೆ ಮರದ ಕೆಳಗೆ ಹೀಗೇ ಕಣ್ಣು ಮುಚ್ಚಿ ನಿಲ್ಲುತ್ತಿದ್ದದ್ದು ಆವಲಪ್ಪನಿಗೆ ನೆನಪಾಯಿತು.

“ಅಯ್ಯೋ, ಏನು ಪಾಪ ಮಾಡ್ಬಿಟ್ನೇ ಶಾಮಲಾ!” ಎಂದು ಮುದುಕ ಗೊಳೋ ಎಂದು ಅತ್ತುಬಿಟ್ಟ. ಹಗ್ಗ ಹಾಕಿದವಳು ಶಾಮಲಮ್ಮ.

ಹತ್ತು ದಿನ ಕರಿಯನನ್ನು ಹಿತ್ತಿಲಲ್ಲಿ ಕಟ್ಟಿದರು. ಎಲ್ಲಮ್ಮ ದಿನಾ ಬೆಳಿಗ್ಗೆ ಬೇಲಿಯಾಚೆ ನಿಂತು, ಅದು ನೀರು ಕುಡಿಯುವುದನ್ನು ನೋಡಿ ಹೋಗುತ್ತಿದ್ದಳು. ಹತ್ತನೆಯ ದಿನವೂ ಅದು ಚೆನ್ನಾಗಿ ಕುಡಿಯಿತು. “ಬದುಕ್ದೆ ಕಣಣ್ಣಾ” ಎಂದು ಅವಳು ಅಲ್ಲೇ ಕೂತು ಅತ್ತಳು. ಕೈಯ ಬಲ ಇನ್ನೂ ಪೂರ್ತಿ ಬಂದಿಲ್ಲ. ಕ್ರೇಟು ಕಂಡರೆ ಕರಿಯನ ಬೆನ್ನಿನ ಕೂದಲು ಈಗಲೂ ನಿಮಿರುತ್ತದೆ. ಅದನ್ನು ಬಿಡಿಸುವುದು ಹೇಗೆಂದು ನಾಯಿಮೇಷ್ಟ್ರಿಗೂ ತಿಳಿಯದು.

ಆ ಹತ್ತನೆಯ ದಿನವೇ ಮಧ್ಯಾಹ್ನ ಮರಿ ಹಿಡಿದುಕೊಂಡು ಬಂದವನೊಬ್ಬನನ್ನು ಆವಲಪ್ಪ ಬಾಗಿಲಿಂದಲೇ ವಾಪಸು ಕಳಿಸಿದ. ಆಮೇಲೆ ಹೆಂಡತಿಯ ಫೋನ್ ಇಸಿದುಕೊಂಡು ಮಗನ ನಂಬರು ಒತ್ತಿದ. ತನ್ನ ಫೋನಿನಿಂದ ಮಾಡಿದರೆ ಅವನು ಎತ್ತುವುದಿಲ್ಲ.

“ಹೇಳಮ್ಮಾ” ಎಂದ ಮುರಳಿ.

“ಅಮ್ಮ ಅಲ್ಲ, ನಾನು ಕಣಪ್ಪಾ.” ‘ಊರಿಗೆ ಬಾರೋ’ ಎಂಬ ಮಾತು ಆವಲಪ್ಪನ ನಾಲಿಗೆ ತುದಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡ. “ನೀನು ಬರ್ಬೇಡ. ನೀನು ಹೂಂ ಅಂದ್ರೆ ನಾನೇ ಬರ್ತೀನಿ, ಲಕ್ಕೂರಿಗೆ.”

ಮುರಳಿ ಹೂಂ ಅನ್ನಲಿಲ್ಲ. ಫೋನನ್ನೂ ಇಡಲಿಲ್ಲ. ಆವಲಪ್ಪ ಅದನ್ನು ಕಿವಿಗೆ ಒತ್ತಿಕೊಂಡು, ಕೆರೆ ಹತ್ತಿರ ಕೂತ ಹಾಗೆಯೇ, ಸುಮ್ಮನೆ ಕಾಯುತ್ತ ಕೂತ.