ಆಯಿ ಹಂಚಿದ ಓಟು

ಇಲೆಕ್ಷನ್ ಮುಂದ ಮನಿಮನಿಗೆ ಹೋಗಿ "ಯಾರಿಗೆ ಓಟು ಹಾಕ್ತೀರಿ?" ಅಂತ ಕೇಳಿ ಮೊಬೈಲಿನ್ಯಾಗ ತುಂಬೋದು ನನ್ನ ಕೆಲಸ. ಕಟಕೋಳದ ಹತ್ತಿರದ ಒಂದು ಹಳ್ಳ್ಯಾಗ, ಕಟ್ಟಿ ಮ್ಯಾಲೆ ಜ್ವಾಳಾ ಹಸನ ಮಾಡಕೋತ ಕುಂತಿದ್ದ ವಯಸ್ಸಾದ ಆಯಿಗೂ ಅದನ್ನ ಕೇಳಿದೆ.

"ದೊಡ್ಡ ಮಗ, ಅವನ ಹೇಣ್ತಿ ಆ ಪಾರ್ಟಿಗೆ. ಸಣ್ಣಾಂವ, ಅವನ ಹೇಣ್ತಿ ಈ ಪಾರ್ಟಿಗೆ," ಅಂದ್ಲು.

"ಅಣ್ಣತಮ್ಮರ ನಡುವ ಜಗಳಾ ಐತೇನ್ರಿ?"

"ಎಲ್ಲೀ ಜಗಳಾ? ನಾನ ಓಟು ಹಂಚಿಕೊಟ್ಟೇನಿ. ಯಾರು ಗೆದ್ದರೂ ಸರ್ಕಾರಿ ಆಫೀಸಿನ ಕೆಲಸಕ್ಕ ಆ ಕಡಿ ನಮ್ಮಾಂವ ಒಬ್ಬ ಬೇಕಲ್ಲ? ಓಣಿ ತುಂಬ ಹಿಂಗ ಐತಿ, ನೋಡ ಹೋಗು."

ಒಳಗ ಹಣಿಕಿ ಹಾಕಿದೆ. ನಿನ್ನೆ ಬಸ್ ಸ್ಟ್ಯಾಂಡಿನ್ಯಾಗ ಝಂಡಾ ಹಿಡಕೊಂಡು ಒಬ್ಬರಿಗೊಬ್ಬರು ಅಂಗಿ ಹರಿಯೋ ಹಂಗ ಬಡದಾಡಿದ್ದ ಇಬ್ಬರೂ ಈ ಆಯಿ ಮಕ್ಕಳ; ಒಂದ ತಾಟಿನ್ಯಾಗ ರೊಟ್ಟಿ ಮುರಕೊಂಡು ತಿನ್ನಾಕತ್ತಿದ್ರು! ನಿನ್ನೆ ಆ ಬಡದಾಟ ನೋಡೇ ನಾನು "ಇಲ್ಲಿ ಭಾರಿ ಪೈಪೋಟಿ" ಅಂತ ಸಾಹೇಬರಿಗೆ ವರದಿ ಕಳಿಸಿದ್ದೆ.

ಹೊಳ್ಳಿ ಬಂದು ಕೇಳಿದೆ, "ಮತ್ತ ನಿಮ್ಮ ಓಟು ಯಾರಿಗ್ರಿ, ಆಯಿ?"

ಆಯಿ ಮೊರ ಕೆಳಗಿಟ್ಟು ನನ್ನ ದಿಟ್ಟಿಸಿ ನೋಡಿದ್ಲು. "ಅದನ್ನ ಕಟಗೊಂಡ ಗಂಡಗೂ ಹೇಳಿದಾಕಿ ಅಲ್ಲ ನಾ. ಓಟು ಗುಪ್ತ ಇರಬೇಕಲ್ಲೇನೋ ತಮ್ಮಾ?"

ಮೊಬೈಲಿನ್ಯಾಗ ಆಕಿಗೆ ಹೊಂದೋ ಉತ್ತರಾನ ಇರಲಿಲ್ಲ. "ಇನ್ನೂ ನಿರ್ಧಾರ ಮಾಡಿಲ್ಲ" ಅನ್ನೋದನ್ನ ಒತ್ತಿ ಎದ್ದು ಬಂದೆ. ಆ ಮನ್ಯಾಗ ತನ್ನ ಓಟಿನ ನಿರ್ಧಾರ ತಾನ ಮಾಡಿದಾಕಿ ಆಕಿ ಒಬ್ಬಾಕಿನ ಇದ್ಲು.