ನಮ್ಮ ಬೆಣ್ಣೆಯ ಮೈ ವಾಸಿಮಾಡಿದ ಮಾರಮ್ಮ

ತಾಯಿಯನ್ನೇ ನಂಬಿ ಬದುಕುವ ನಿಮ್ಮೆಲ್ಲರಿಗೂ ಬೋಗಾದಿಯ ಪುಟ್ಟಲಕ್ಷ್ಮಿ ಕೈಮುಗಿಯುತ್ತೇನೆ.

ನಮ್ಮ ಮನೆಯ ಮೊಲದ ಚರ್ಮ ಒಣಗಿ ಹೊಟ್ಟು ಉದುರುತ್ತಿತ್ತು. ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಅದು ವಾಸಿಯಾದದ್ದನ್ನು ನಿಮಗೆ ಹೇಳಬೇಕೆಂದು ಬರೆಯುತ್ತಿದ್ದೇನೆ. ಆಪರೇಷನ್, ಅಪಘಾತ, ಮಕ್ಕಳಿಲ್ಲದ ಸಂಕಟ ಇವನ್ನೆಲ್ಲ ತಾಯಿಯ ಮುಂದೆ ಇಟ್ಟವರ ನಡುವೆ ಇವಳು ಮೊಲ ಎತ್ತಿಕೊಂಡು ಬಂದಳಲ್ಲ ಎಂದು ನಗಬೇಡಿ. ಪೂರ್ತಿ ಓದಿ.

ನಾನು ಹೆಬ್ಬಾಳದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತೇನೆ. ಯಜಮಾನರು ಲಾರಿ ಓಡಿಸುತ್ತಾರೆ, ಊರಲ್ಲಿರುವುದು ಕಡಿಮೆ. ಮನೆಯಲ್ಲಿ ನಮ್ಮತ್ತೆ, ಮಗಳು ಸಿಂಚನ ಮತ್ತು ಬೆಣ್ಣೆ. ಬೆಣ್ಣೆ ಅಂದರೆ ಮೊಲ. ಬಿಳೀ ಮೈ, ಕಿವಿಯ ತುದಿ ಮಾತ್ರ ಬೂದು.

ಸಿಂಚನ ಏಳನೇ ಕ್ಲಾಸು. ಅವಳಿಗೆ ಚಿಕ್ಕಂದಿನಿಂದ ಉಗ್ಗು. ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ, ಅಂಗಡಿಯಲ್ಲಿ ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ. ನೆಂಟರು ಏನಾದರೂ ಕೇಳಿದರೆ ನನ್ನ ಮುಖ ನೋಡುತ್ತಾಳೆ, ನಾನೇ ಉತ್ತರ ಕೊಡುತ್ತೇನೆ. ಆದರೆ ಬೆಣ್ಣೆಯನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಸಮಾಜ, ವಿಜ್ಞಾನ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾಳೆ. ಮಾತು ಸಿಕ್ಕಿಹಾಕಿಕೊಂಡರೂ ನಿಲ್ಲಿಸುವುದಿಲ್ಲ. ನಮ್ಮ ಮನೆಯಲ್ಲಿ ಮಗುವಿನ ದನಿ ಕೇಳಿಸುತ್ತಿದ್ದದ್ದು ಆ ಮೊಲದಿಂದ.

ಹೋದ ಸಂಕ್ರಾಂತಿ ಕಳೆದ ಮೇಲೆ ಬೆಣ್ಣೆಯ ಕತ್ತಿನ ಹಿಂದೆ, ಸೊಂಟದ ಮೇಲೆ ಬಿಳಿ ಹೊಟ್ಟು ಕಾಣಿಸಿತು. ಸವರಿದರೆ ರವೆಯ ಹಾಗೆ ಉದುರುವುದು, ಜೊತೆಗೆ ಕೂದಲೂ ಕೈಗೆ ಬರುವುದು. ಸಿಂಚನಳ ತೋಳಿನ ಮೇಲೂ ಕೆಂಪು ಗುಳ್ಳೆ ಎದ್ದು ಕೆರೆತ ಶುರುವಾಯಿತು.

ನಮ್ಮತ್ತೆ ಬೇವಿನ ಸೊಪ್ಪು ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೊಲಕ್ಕೆ ಹಚ್ಚಿದರು. ಕೂದಲೆಲ್ಲ ಅಂಟಿಕೊಂಡು ಗಂಟಾಯಿತೇ ಹೊರತು ಹೊಟ್ಟು ಹೋಗಲಿಲ್ಲ. ಆಮೇಲೆ ಅವರೇ, "ಮಗೀಗೂ ಅಂಟ್ಕೊಂಡದೆ ಕಣಮ್ಮ. ಯಾರಿಗಾರ ಕೊಟ್ಬುಡು ಅತ್ಲಾಗೆ" ಅಂದರು. ಸಿಂಚನ ಮೊಲವನ್ನು ಎತ್ತಿಕೊಂಡು ಹೋಗಿ ಅಡುಗೆಮನೆ ಬಾಗಿಲ ಹಿಂದೆ ಕೂತುಬಿಟ್ಟಳು.

ಸಿದ್ಧಾರ್ಥನಗರದಲ್ಲಿ ಸಣ್ಣ ಪ್ರಾಣಿಗಳನ್ನು ನೋಡುವ ಒಬ್ಬ ಲೇಡಿ ಡಾಕ್ಟರಿದ್ದಾರೆಂದು ಫ್ಯಾಕ್ಟರಿಯಲ್ಲಿ ಯಾರೋ ಹೇಳಿದರು. ನನಗೆ ರಜೆ ಇದ್ದ ದಿನ ಮುಚ್ಚಳದ ಬುಟ್ಟಿಯಲ್ಲಿ ಬೆಣ್ಣೆಯನ್ನು ಕೂರಿಸಿಕೊಂಡು ಹೊರಟೆವು. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ ಹತ್ತಬೇಕು. "ಏನ್ ತಾಯಿ ಬುಟ್ಟೀಲಿ?" ಎಂದು ಕಂಡಕ್ಟರ್ ಕೇಳಿದರು. ಮೊಲ, ಆಸ್ಪತ್ರೆಗೆ ಹೋಗುತ್ತಿದ್ದೇವೆ ಅಂದೆ. "ನಂಗೇ ಜ್ವರ ಬಂದ್ರೂ ಡ್ಯೂಟಿಗೆ ಬರ್ತೀನಿ, ಮೊಲಕ್ಕೆ ಆಸ್ಪತ್ರೆನಾ!" ಎಂದು ನಗುತ್ತ, ಕಿಟಕಿ ಪಕ್ಕದ ಸೀಟು ಬಿಡಿಸಿ ಕೊಟ್ಟರು.

ಡಾಕ್ಟರು ಹೊಟ್ಟನ್ನು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕಣ್ಣಿಗೆ ಕಾಣದಂಥ ಹುಳ ಇದೆ, ಮಗುವಿನ ಗುಳ್ಳೆಯೂ ಅದರಿಂದಲೇ ಅಂದರು. ಎಣ್ಣೆ ಹಚ್ಚಬೇಡಿ, ಸ್ನಾನ ಮಾಡಿಸಬೇಡಿ ಎಂದು ಹೇಳಿ ಔಷಧಿ ಕೊಟ್ಟರು. ಹೇಳಿದಾಗಲೆಲ್ಲ ಕರೆದುಕೊಂಡು ಹೋದೆವು. ಹುಳ ಹೋಯಿತು. ಸಿಂಚನಳ ತೋಳೂ ವಾಸಿಯಾಯಿತು. ಆದರೆ ಬೆಣ್ಣೆಯ ಹೊಟ್ಟು ಮಾತ್ರ ಹೋಗಲಿಲ್ಲ. ಯುಗಾದಿಯ ಹೊತ್ತಿಗೆ ಸೊಂಟದ ಮೇಲೆಲ್ಲ ಪದರ ಕಟ್ಟಿತ್ತು, ಕೈಗೆ ಬೆನ್ನಮೂಳೆ ಸಿಗುತ್ತಿತ್ತು. ಡಾಕ್ಟರು ಮತ್ತೆ ಪರೀಕ್ಷೆ ಮಾಡಿದರು, ಮುಂದಿನ ಹಲ್ಲು ನೋಡಿದರು, ಎಲ್ಲ ಸರಿಯಾಗಿತ್ತು. "ಇನ್ನೂ ಏನೋ ಇದೆ, ನನಗೆ ಸಿಗ್ತಿಲ್ಲ" ಎಂದು ಅವರೇ ಒಪ್ಪಿಕೊಂಡರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಸಿಂಚನ ಬುಟ್ಟಿಯ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಈ ಮೊಲ ಹೋದರೆ ನನ್ನ ಮಗಳ ಮಾತೂ ಹೋಗುತ್ತದೆ ಅನ್ನಿಸಿತು.

ಮೊಲವನ್ನು ಕೊಟ್ಟುಬಿಡು ಅಂದಿದ್ದ ಅತ್ತೆಯೇ ಆವತ್ತು ಸಂಜೆ ಹೇಳಿದರು: "ಚರ್ಮದ್ ಕಾಯ್ಲೆ ಅಂದ್ರೆ ಅದು ಮಾರಮ್ಮನ್ ಲೆಕ್ಕ. ಮನುಷ್ರಿಗೊಂದು ಮೊಲಕ್ಕೊಂದು ಅಂತ ಅವ್ಳಿಗೆ ಭೇದ ಇಲ್ಲ. ಶುಕ್ರವಾರ ಕರ್ಕೊಂಡ್ ನಡಿ."

ನಮ್ಮ ಬೀದಿಯ ಕೊನೆಯಲ್ಲಿ ಮಾರಮ್ಮನ ಗುಡಿ ಇದೆ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ಗುಡಿ ಕಾಣಿಸುವುದೇ ಕಷ್ಟ. ಶುಕ್ರವಾರ ನಾನು ಸಿಂಚನಳ ಜೊತೆ ಹೋಗಿ ತಾಯಿಯ ಮುಂದೆ ಬುಟ್ಟಿ ಇಟ್ಟು, "ಇದರ ಮೈ ಸರಿಮಾಡು ತಾಯಿ, ತಂಬಿಟ್ಟಿನ ಆರತಿ ತರುತ್ತೇನೆ" ಎಂದು ಹರಕೆ ಹೊತ್ತೆ. ಪೂಜಾರಪ್ಪನವರು ತೀರ್ಥ ಚಿಮುಕಿಸಿ, ಪಕ್ಕದ ಗಣಪತಿಯ ಮೇಲಿದ್ದ ಗರಿಕೆಯನ್ನು ಪ್ರಸಾದವೆಂದು ಬುಟ್ಟಿಗೆ ಹಾಕಿದರು.

ಬೆಣ್ಣೆ ಗರಿಕೆಗೆ ಆಸೆಯಿಂದ ಬಾಯಿ ಹಾಕಿತು. ಎರಡು ಸಲ ಅಗಿದು ಉಗುಳಿಬಿಟ್ಟಿತು. ಮತ್ತೆ ಎತ್ತಿಕೊಂಡಿತು, ಮತ್ತೆ ಬೀಳಿಸಿತು. ನಾನು ಕಣ್ಣು ಮುಚ್ಚಿ ಕೈಮುಗಿದಿದ್ದೆ, ಇದನ್ನು ಕಂಡದ್ದು ಸಿಂಚನ. ಬಿದ್ದ ಗರಿಕೆಯನ್ನು ಎತ್ತಿ ನೋಡಿದಳು. ನೆನೆದು ಮುದ್ದೆಯಾಗಿತ್ತು, ತುಂಡಾಗಿರಲಿಲ್ಲ. ಮನೆಯಲ್ಲಿ ಬೆಣ್ಣೆ ತಿನ್ನುತ್ತಿದ್ದದ್ದು ಬಾಳೆಹಣ್ಣು, ನೆನೆಸಿದ ಕಾಳು, ಅನ್ನ. ಮೆತ್ತಗಿರುವುದನ್ನು ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ ಎಂದು ನಮಗೆ ಹೊಳೆದೇ ಇರಲಿಲ್ಲ. ಅಲ್ಲಿಂದ ಮುಂದೆ ಅವಳು ಸ್ಕೂಲಿನಿಂದ ಬಂದವಳೇ ಬೆಣ್ಣೆಯ ಎದುರು ಕೂತು ನೋಡತೊಡಗಿದಳು. ಗದ್ದ ಒದ್ದೆ. ಮೈ ನೆಕ್ಕಲು ಕತ್ತು ತಿರುಗಿಸುತ್ತದೆ, ನಾಲಿಗೆ ಚಾಚುತ್ತದೆ, ತಟ್ಟನೆ ಒಳಗೆ ಎಳೆದುಕೊಳ್ಳುತ್ತದೆ.

"ಅಮ್ಮ, ಅದ್ಕೆ ಬಾ... ಬಾಯಿ ನೋಯ್ತಿದೆ" ಅಂದಳು. ಮರುದಿನವೇ ಅರ್ಧ ದಿನ ರಜೆ ಹಾಕಿ ಸಿದ್ಧಾರ್ಥನಗರಕ್ಕೆ ಹೋದೆವು.

ಡಾಕ್ಟರ ಮುಂದೆ ಎಂದಿನ ಹಾಗೆ ನಾನು ಮಾತು ಶುರುಮಾಡಿದೆ. ಸಿಂಚನ ನನ್ನ ಸೆರಗು ಹಿಡಿದು ಜಗ್ಗಿದಳು. "ನಾ... ನಾನ್ ಹೇಳ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೇಳು ಪುಟ್ಟಿ. ನಿಧಾನಕ್ಕೆ ಹೇಳು, ನಂಗೇನೂ ಅರ್ಜೆಂಟಿಲ್ಲ."

ಅವಳು ಹೇಳಿದಳು. ಗರಿಕೆ ಎಂಬ ಮಾತಿಗೆ ತುಂಬ ಹೊತ್ತು ಹೋರಾಡಿದಳು, ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ. ಒದ್ದೆ ಗದ್ದ, ಬೀಳಿಸಿದ ಹುಲ್ಲು, ಒಳಗೆ ಎಳೆದುಕೊಂಡ ನಾಲಿಗೆ, ಎಲ್ಲವನ್ನೂ ಒಂದೊಂದಾಗಿ ಹೇಳಿ ಮುಗಿಸಿದಳು. ನನ್ನ ಬಾಯಿ ತುದಿಗೆ ಬಂದ ಮಾತನ್ನೆಲ್ಲ ನುಂಗಿಕೊಂಡು ನಿಂತಿದ್ದೆ. ಅಷ್ಟು ಹೆಮ್ಮೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಡಾಕ್ಟರು ಸಣ್ಣ ಲೈಟಿನ ಉಪಕರಣವನ್ನು ಬೆಣ್ಣೆಯ ಬಾಯೊಳಗೆ ಇಳಿಸಿ ನೋಡಿದರು. ಒಳಗಿನ ದವಡೆ ಹಲ್ಲು ಒಂದು ಕಡೆಗೆ ಮುಳ್ಳಿನ ಹಾಗೆ ಬೆಳೆದು ನಾಲಿಗೆಗೆ ಚುಚ್ಚುತ್ತಿತ್ತು. "ಮೊಲ ತನ್ನ ಮೈನ ತಾನೇ ನೆಕ್ಕಿ ಕ್ಲೀನ್ ಮಾಡ್ಕೊಳ್ಳುತ್ತೆ. ಇದಕ್ಕೆ ನೆಕ್ಕೋಕೆ ಆಗ್ತಿರ್ಲಿಲ್ಲ, ಸರಿಯಾಗಿ ತಿನ್ನೋಕೂ ಆಗ್ತಿರ್ಲಿಲ್ಲ. ಅದಕ್ಕೇ ಹೊಟ್ಟು ಹೋಗ್ತಿಲ್ಲ" ಅಂದರು. ಮತ್ತಿನ ಔಷಧಿ ಕೊಟ್ಟು ಹಲ್ಲು ಸವೆಸಬೇಕು, ಸೊರಗಿರುವ ಮೊಲ ಮತ್ತಿನಿಂದ ಏಳದೆಯೂ ಇರಬಹುದು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ನಾನು ಮಗಳ ಮುಖ ನೋಡಿದೆ. ಅವಳು ತಲೆಯಾಡಿಸಿದಳು.

ಹೊರಗಿನ ಬೆಂಚಿನ ಮೇಲೆ ಕೂತು ಇಬ್ಬರೂ ತಾಯಿಯ ಹೆಸರು ಹೇಳುತ್ತಿದ್ದೆವು. ಗುಡಿಯಲ್ಲಿ ಹರಕೆ ಹೊತ್ತಾಗ ಇದ್ದ ಧೈರ್ಯ ನನಗೆ ಆಗ ಇರಲಿಲ್ಲ. ಕೊನೆಗೆ ಬಾಗಿಲು ತೆರೆಯಿತು. "ಎದ್ದು ಕೂತಿದೆ, ಬಾ ಪುಟ್ಟಿ" ಎಂದು ಡಾಕ್ಟರು ನನ್ನನ್ನಲ್ಲ, ಅವಳನ್ನು ಕರೆದರು.

ಬೆಣ್ಣೆ ಮೊದಲು ಅಳುಕುತ್ತ, ಆಮೇಲೆ ಕರುಂಕುರುಂ ಎಂದು ಹುಲ್ಲು ತಿನ್ನತೊಡಗಿತು. ಒಂದು ಬೆಳಿಗ್ಗೆ ಅಂಗಳದಲ್ಲಿ ಕೂತು, ಕತ್ತು ಪೂರ್ತಿ ಹಿಂದಕ್ಕೆ ತಿರುಗಿಸಿ, ಸೊಂಟವನ್ನು ನೆಕ್ಕಿಕೊಳ್ಳುವುದನ್ನು ಕಂಡು ನಮ್ಮತ್ತೆ, "ನೋಡ್ರವ್ವ, ಮದ್ವಣಗಿತ್ತಿ ಆಗೋಯ್ತು!" ಎಂದು ಕೂಗಿದರು. ಆಷಾಢದ ಹೊತ್ತಿಗೆ ಹೊಟ್ಟು ಪೂರ್ತಿ ನಿಂತು, ಉದುರಿದ ಜಾಗದಲ್ಲೆಲ್ಲ ಹೊಸ ಕೂದಲು ಬಂತು.

ಹರಕೆ ತೀರಿಸಲು ಶುಕ್ರವಾರ ತಂಬಿಟ್ಟಿನ ಆರತಿ ತೆಗೆದುಕೊಂಡು ಹೋದೆವು. ಆರತಿ ಹೊತ್ತವಳು ಸಿಂಚನ. ಗುಡಿಯ ತುಂಬ ಜನ. ಪೂಜಾರಪ್ಪನವರು, "ಯಾರ್ ಹೆಸ್ರಲ್ಲವ್ವ ಪೂಜೆ?" ಎಂದು ಕೇಳಿದರು. ನಾನು ಸಿಂಚನಳ ಕಡೆ ತಿರುಗಿದೆ.

"ಬೆ... ಬೆಣ್ಣೆ" ಅಂದಳು ಸಿಂಚನ.

"ರಾಶಿ, ನಕ್ಷತ್ರ?"

"ಗೊ... ಗೊತ್ತಿಲ್ಲ. ಅದು ಮೊಲ."

ಗುಡಿಯಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ಪೂಜಾರಪ್ಪನವರು ನಗದೆ, ತಾಯಿಯ ಕಡೆ ತಿರುಗಿ, ಬೆಣ್ಣೆ ನಾಮಧೇಯಸ್ಯ ಎಂದು ಗಟ್ಟಿಯಾಗಿ ಹೇಳಿ ಮಂಗಳಾರತಿ ಎತ್ತಿದರು.

ಸಿಂಚನಳ ಉಗ್ಗು ಹೋಗಿಲ್ಲ. ಅದು ಹೋಗಲೆಂದು ನಾನು ಹರಕೆ ಹೊತ್ತಿಲ್ಲ, ಇನ್ನು ಹೊರುವುದೂ ಇಲ್ಲ. ನಾನು ಮೊಲದ ಮೈ ಕೇಳಿದೆ, ತಾಯಿ ಅದನ್ನು ಕೊಟ್ಟಳು. ನಾನು ಕೇಳದೆ ಇದ್ದದ್ದನ್ನೂ ಕೊಟ್ಟಳು: ನನ್ನ ಮಗಳು ಈಗ ತನ್ನ ಮಾತನ್ನು ತಾನೇ ಆಡುತ್ತಾಳೆ. ಎಷ್ಟು ಹೊತ್ತಾದರೂ ಆಗಲಿ, ನಾವು ಕಾಯುತ್ತೇವೆ.