ಗೊಂಬೆಯ ತವರುಮನಿ

ಅವರ ಬಲಗೈಯ ಕಿರುಬೆರಳಿನ ಉಗುರು ಉಳಿದ ಉಗುರುಗಳಂತೆ ಇರಲಿಲ್ಲ. ಅರ್ಧ ಇಂಚು ಬೆಳೆಸಿ, ತುದಿಯನ್ನು ಕಲ್ಲಿಗೆ ತಿಕ್ಕಿ ದುಂಡಗೆ ಮಾಡಿಟ್ಟಿದ್ದರು. ಅದರ ಬುಡದಲ್ಲಿ ಅರಗಿನ ಕೆಂಪು ಎಷ್ಟು ತೊಳೆದರೂ ಹೋಗದೆ ಕೂತಿತ್ತು. ಕುಂಚ ಹಿಡಿದಾಗ ಮೊದಲು ಆ ಉಗುರು ಕಟ್ಟಿಗೆಯ ಮೇಲೆ ಊರುತ್ತಿತ್ತು. ಅದರ ಆಧಾರದ ಮೇಲೆ ಉಳಿದ ಕೈ ತೇಲುತ್ತಿತ್ತು. ತೊಟ್ಟಿಲ ಮೇಲಿನ ಗಿಳಿಯ ಕಣ್ಣು, ನವಿಲಿನ ಜುಟ್ಟು, ಎಲ್ಲಾ ಆ ಉಗುರಿನ ಮೇಲೆ ನಿಂತು ಬರೆದದ್ದು. ಬಣ್ಣ ಗಟ್ಟಿ ಹಿಡಿದಿದೆಯೋ ಇಲ್ಲವೋ ನೋಡುವುದೂ ಅದರಿಂದಲೇ. ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಮೆಲ್ಲಗೆ ಕೆರೆಯುವರು. ಬಣ್ಣ ಅಲುಗದಿದ್ದರೆ "ಹೂಂ" ಅನ್ನುವರು. ಅಷ್ಟೇ ಅವರ ಶಾಭಾಷಿ.

ಕಲಘಟಗಿಯಲ್ಲಿ ತೊಟ್ಟಿಲು ಮಾಡುವವರ ಓಣಿಯಲ್ಲಿ ಅವರ ಮನೆ. ನಾನು ಅವರನ್ನು ತೊಟ್ಟಿಲ ಕಾಕಾ ಅನ್ನುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಅಪ್ಪ ತೀರಿಕೊಂಡ ಮೇಲೆ ಅವ್ವ ಸಂತೆಯಿಂದ ಸಂತೆಗೆ ಬಳೆ ಮಾರುತ್ತಿದ್ದಳು. ಇಪ್ಪತ್ತರ ಹರೆಯದ ನಾನು ಅವಳ ಬಾಜು ಗೋಣಿತಾಟು ಹಾಸಿ ರಿಬ್ಬನ್ನು, ಪಿನ್ನು, ಆಟಿಗೆ ಸಾಮಾನು ಇಡುತ್ತಿದ್ದೆ.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ದಾಗಿ ಮಾಲು ತೂಕದ ಮೇಲೆ ಸಿಗುತ್ತಿತ್ತು. ದಾಗಿ ಅಂದರೆ ಕಾರಖಾನೆಯಲ್ಲಿ ಕೆಟ್ಟದ್ದು. ಒಂದು ಸಲ ಅಲ್ಲಿ ಚೀಲದ ತುಂಬ ಪ್ಲಾಸ್ಟಿಕ್ ಸಿಪಾಯಿಗಳು ಬಿದ್ದಿದ್ದವು. ಗೇಣುದ್ದದ ಗಂಡುಗೊಂಬೆಗಳು, ಹೆಗಲಲ್ಲಿ ಕೈ ತಿರುಗುತ್ತಿತ್ತು, ಮೊಣಕಾಲು ಮಡಚುತ್ತಿತ್ತು, ಕೈಯಲ್ಲಿ ಬಂದೂಕು. ಆದರೆ ಬಣ್ಣದ ಯಂತ್ರ ಜಾರಿ ಒಬ್ಬನಿಗೆ ಕಣ್ಣು ಗಲ್ಲದ ಮೇಲೆ, ಇನ್ನೊಬ್ಬನಿಗೆ ತುಟಿ ಕುತ್ತಿಗೆಯಲ್ಲಿ. ಯಾರೂ ಕೊಳ್ಳುತ್ತಿರಲಿಲ್ಲ. ಯಾರೂ ಕೊಳ್ಳದ ಮಾಲು ಕಂಡರೆ ನನಗೆ ಕೈ ತುರಿಸುತ್ತದೆ. ಅರ್ಧ ತಾಸು ಚೌಕಾಶಿ ಮಾಡಿ ಚೀಲಸಹಿತ ಎತ್ತಿಕೊಂಡು ಬಂದೆ.

ಈ ಕೆಲಸ ಕಲಿಯಬೇಕೆನ್ನುವವರಿಗೆ ಈಗಲೂ ಮೊದಲು ಇದನ್ನೇ ಹೇಳುತ್ತೇನೆ. ಚಲೋ ಗೊಂಬೆ ಕೊಳ್ಳಬೇಡಿ. ಕೆಟ್ಟದ್ದನ್ನೇ ಕೊಳ್ಳಿರಿ. ಮೊದಲೇ ಕೆಟ್ಟದ್ದನ್ನು ನೀವು ಇನ್ನೇನು ಕೆಡಿಸುತ್ತೀರಿ? ಕೈಗೆ ಅಂಜಿಕೆ ಇರುವುದಿಲ್ಲ.

ಗಲ್ಲದ ಮೇಲೆ ಕಣ್ಣಿದ್ದ ಸಿಪಾಯಿಯನ್ನು ಹಿಡಿದುಕೊಂಡು ಕಾಕಾನ ಪಡಸಾಲೆಗೆ ಹೋದೆ. ಕನ್ನಡಕ ಏರಿಸಿ ತಿರುವಿ ನೋಡಿದರು.

"ಏನ್ ಬೇ ಇದು, ಪ್ಲಾಸ್ಟಿಕ್ ತಂದೀ? ಇದಕ್ಕ ಜೀವ ಐತೇನು?"

"ನಿಮ್ಮ ಕಟ್ಟಿಗಿಗೆ ಎಲ್ಲಿತ್ರಿ ಕಾಕಾ? ನೀವು ಕಣ್ಣು ಬರದ ಮ್ಯಾಲೆ ಬಂತಲ್ರಿ."

ಅವರಿಗೆ ನಗು ಬಂತು. ನಕ್ಕ ಗಿರಾಕಿ ಅರ್ಧ ಸೋತಂಗ ಅಂತ ಅವ್ವ ಹೇಳುತ್ತಿದ್ದಳು. ಅಲ್ಲಿಯೇ ಕರಾರು ಮಾಡಿದೆ: ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗುವಾಗ ಅವರಿಗೆ ಬೇಕಾದ ಬಣ್ಣದ ಡಬ್ಬಿ, ಟರ್ಪಂಟೈನ್ ನಾನು ಹೊತ್ತು ತರುವುದು, ಅವರು ನನಗೆ ಬಣ್ಣ ಹಚ್ಚುವುದು ಕಲಿಸುವುದು. ಅವರು ಇನ್ನೂ ಅನುಮಾನ ಮಾಡುತ್ತಿದ್ದುದನ್ನು ನೋಡಿ ಕೊನೆಯ ಮಾತನ್ನೂ ಆಡಿದೆ.

"ಕಲಿಯೂತನಾ ಅಷ್ಟ ಬರ್ತೀನ್ರಿ. ಕಲತ ಮ್ಯಾಲೆ ನಿಮ್ಮ ಹೊಸ್ತಿಲಾ ತುಳಿಯೂದಿಲ್ಲ. ತ್ರಾಸ ಇರೂದಿಲ್ಲ ನಿಮಗ."

ಅವರ ಕುಂಚ ಒಂದು ಗಳಿಗೆ ನಿಂತಿತು. "ಅಗದಿ ಚೊಕ್ಕ ಮಾತಾಡ್ತೀ ಬೇ," ಅಂದರು. ಹೊಗಳಿಕೆ ಅಂತ ತಿಳಿದುಕೊಂಡೆ.

ಕಲಿಸುವಾಗ ಅವರಷ್ಟು ತಾಳ್ಮೆಯವರನ್ನು ನಾನು ಕಂಡಿಲ್ಲ. ಮೊದಲು ತೆಳ್ಳಗೆ ಬಿಳಿ ಅಸ್ತರ, ಅದು ಒಣಗಿದ ಮೇಲೆ ಮೈಬಣ್ಣ, ಆಮೇಲೆ ಅರಿವೆ, ಎಲ್ಲಕ್ಕೂ ಕೊನೆಗೆ ಕಣ್ಣು. ನಾನು ಅವಸರದಲ್ಲಿ ದಪ್ಪಗೆ ಬಳಿದರೆ ಕೈ ಹಿಡಿದುಬಿಡುವರು. "ಬಣ್ಣ ಹಚ್ಚೂದಲ್ಲ ಬೇ, ಉಣಸೂದು. ಒಮ್ಮೆಲೆ ತುರುಕಿದ್ರ ಕೂಸು ಕಾರ್ಕೋತೈತಿ." ಕಣ್ಣು ಬರೆಯುವಾಗ ಉಸಿರು ಬಿಗಿಹಿಡಿಯಬೇಕು, ಎರಡೂ ಕಣ್ಣು ಒಂದೇ ಉಸಿರಿನಲ್ಲಿ ಮುಗಿಯಬೇಕು. ಇಲ್ಲದಿದ್ದರೆ ಒಂದು ಕಣ್ಣು ಊರಿನ ಕಡೆ, ಇನ್ನೊಂದು ಕೇರಿಯ ಕಡೆ. ನನ್ನ ಮೊದಲ ಹತ್ತು ಸಿಪಾಯಿಗಳೂ ಹಂಗೇ ಆದವು. ಕಾಕಾನ ಹೆಂಡತಿ ಒಳಗಿನಿಂದ ಇಣುಕಿ, "ನಿನ್ನ ಪಲ್ಟನ್ ಅಗದಿ ಹುಷಾರೈತಿ ತಂಗಿ, ಎರಡೂ ಕಡೆ ಕಾಯ್ತೈತಿ," ಅಂದಿದ್ದರು.

ಸಿಪಾಯಿಯನ್ನು ರೈತನನ್ನಾಗಿ ಮಾಡುವ ಯುಕ್ತಿ ಮಾತ್ರ ನನ್ನದು. ಟೊಪ್ಪಿಗೆ ಕೊಯ್ದು ತೆಗೆದು, ಹಳೇ ಧೋತರದ ಚಿಂದಿಯನ್ನು ಅಂಟಿನಲ್ಲಿ ಅದ್ದಿ ರುಮಾಲು ಸುತ್ತಿದೆ. ಕಾಸಿದ ಚಾಕುವಿನಿಂದ ಬಂದೂಕು ಕತ್ತರಿಸಿ, ಮುಷ್ಟಿಯಲ್ಲಿ ತೂತು ಮಾಡಿ, ಕಸಬರಿಗೆಯ ಕಡ್ಡಿಗೆ ದಾರ ಕಟ್ಟಿ ಬಾರಕೋಲು ಕೊಟ್ಟೆ. ಒಬ್ಬನ ಕೈ ಇನ್ನೊಬ್ಬನಿಗೆ ತಿರುಗಿಸಿ ಜೋಡಿಸಿ ತೊಡೆ ತಟ್ಟುವ ಪೈಲ್ವಾನನನ್ನು ಮಾಡಿದೆ. ಬಮ್ಮಿಗಟ್ಟಿಯ ಒಬ್ಬ ಗೌಡರು ಸಂತೆಯಲ್ಲಿ ರೈತಗೊಂಬೆ ಎತ್ತಿಕೊಂಡು, "ಇಂವ ಅಗದಿ ನಮ್ಮ ತಮ್ಮನಂಗ ಅದಾನಲ್ಲ. ಕೆಲಸಾ ಮಾಡ್ತಾನೇನು?" ಅಂದರು. "ನಿಮ್ಮ ತಮ್ಮ ಮಾಡೂವಷ್ಟು ಮಾಡ್ತಾನ್ರಿ," ಅಂದೆ. ಸುತ್ತ ನಿಂತವರೆಲ್ಲ ನಕ್ಕರು. ಗೌಡರು ಎರಡು ಒಯ್ದರು.

ಕಾಕಾನ ಒಂದು ಶಾಸ್ತ್ರ ಮಾತ್ರ ನನಗೆ ನಗು ತರಿಸುತ್ತಿತ್ತು. ಹೊಸ ಗೊಂಬೆ ತಂದರೆ ಅವತ್ತೇ ಬಣ್ಣ ಮುಟ್ಟಿಸಲು ಬಿಡುತ್ತಿರಲಿಲ್ಲ. ಬುಟ್ಟಿ ಇಸಿದುಕೊಂಡು ಒಳಗೆ ಕೊಡುವರು. "ಒಂದು ದಿನ ನಮ್ಮ ಮನ್ಯಾಗ ಇರ್ಲಿ. ಗೊಂಬಿಗೂ ತವರುಮನಿ ಬೇಕು ಬೇ. ತವರುಮನಿ ಕಾಣದ್ದಕ್ಕ ಬಣ್ಣ ಹತ್ತೂದಿಲ್ಲ." ಮಾರನೇ ದಿನ ಬುಟ್ಟಿ ಹೊರಗೆ ಬರುತ್ತಿತ್ತು. ತೊಟ್ಟಿಲು ಮಾಡುವವರು, ತವರಿನವರು ಹೊತ್ತೊಯ್ಯುವ ಸಾಮಾನು ಮಾಡುವವರು, ಅವರಿಗೆ ಎಲ್ಲದರಲ್ಲೂ ತವರು ಕಾಣುತ್ತದೆ ಅಂದುಕೊಂಡೆ. ಹಿರಿಯರ ನಂಬಿಕೆ, ನನಗೇನು ನಷ್ಟ ಅಂತ ಸುಮ್ಮನಿದ್ದೆ. ಎಲ್ಲದರ ಮೂಲ ಕೆದಕುವ ನಾನು ಅದೊಂದನ್ನು ಕೇಳಲಿಲ್ಲ.

ಎರಡು ವರ್ಷವಾಗಿರಬೇಕು, ಅಕ್ಕನಿಗೆ ಗಂಡುಮಗುವಾಯಿತು. ಅವಳನ್ನು ಶಲವಡಿಗೆ ಕೊಟ್ಟಿತ್ತು. ದೊಡ್ಡ ಮನೆ, ದೊಡ್ಡ ಹೊಲ. ಅಕ್ಕನ ಅತ್ತೆಯ ಮಾತು ಮಾತ್ರ ಸಣ್ಣದು. "ತವರಿಲ್ಲದ ಹೆಣ್ಣು" ಅಂತ ನಾಲ್ಕು ಮಂದಿಯ ಮುಂದೆ ಅನ್ನುತ್ತಿದ್ದಳಂತೆ. ನಾವು ಅವ್ವ ಮಗಳು ಜೀವಂತ ಇದ್ದೆವು. ಆದರೆ ಸಂತೆಯಲ್ಲಿ ಕೂಡುವವರ ಮನೆ ಅವಳಿಗೆ ಮನೆಯಲ್ಲ. ಹೆಸರಿಡುವುದು ಶಲವಡಿಯಲ್ಲೇ ಆಗಬೇಕು, ತೊಟ್ಟಿಲು ಮಾತ್ರ ನಮ್ಮ ಕಡೆಯಿಂದ ಬರಬೇಕು ಅಂತ ಹೇಳಿ ಕಳಿಸಿದರು. ಅಕ್ಕ ಒಂದೇ ಮಾತು ಸೇರಿಸಿದ್ದಳು: "ಒಮ್ಮೆ ಅವರ ಬಾಯಿ ಮುಚ್ಚೂ ಹಂಗ ಬರ್ರಿ."

ತೊಟ್ಟಿಲನ್ನು ಕಾಕಾ ಮಾಡಿದರು. ಅಂಥ ತೊಟ್ಟಿಲನ್ನು ಅವರು ಮತ್ತೆ ಮಾಡಿದ್ದನ್ನು ನಾನು ನೋಡಲಿಲ್ಲ. ಅದರ ಮೇಲೆ ತೂಗುಹಾಕಲು ಎಂಟು ಗೊಂಬೆ ನಾನು ಮಾಡಬೇಕೆಂದುಕೊಂಡೆ. ಇಬ್ಬರು ರೈತರು, ಇಬ್ಬರು ಪೈಲ್ವಾನರು, ಡೊಳ್ಳಿನವನು, ಹೀಗೆ. ದಿನ ಕಡಿಮೆ ಇದ್ದವು. ತವರುಮನಿ ಶಾಸ್ತ್ರ ಬಿಟ್ಟು, ಚೀಲದಿಂದ ತೆಗೆದವಳೇ ಅಸ್ತರ ಕೊಟ್ಟು, ಮನೆಯಲ್ಲೇ ಕೂತು ಮುಗಿಸಿದೆ. ಕಣ್ಣು ಎಷ್ಟು ಚಂದ ಕೂತಿದ್ದವೆಂದರೆ ಅವ್ವ ಒಂದನ್ನು ಎತ್ತಿಕೊಂಡು ಮುದ್ದಿಟ್ಟಳು.

ಹೊರಡುವ ಮುಂಜಾನೆ ಕಾಕಾನಿಗೆ ತೋರಿಸಿದೆ. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದರು. ಹಸಿರು ರುಮಾಲಿನ ರೈತನನ್ನು ತಿರುಗಿಸಿ ಹಿಮ್ಮಡವನ್ನು ಕಿರುಬೆರಳ ಉಗುರಿನಿಂದ ಕೆರೆದರು. ಆಮೇಲೆ ಉಗುರನ್ನು ಧೋತರಕ್ಕೆ ಒರೆಸಿಕೊಂಡರು.

"ನಮ್ಮ ಮನಿಗೆ ತರಲಿಲ್ಲಲಾ," ಅಂದರು.

"ಪುರಸೊತ್ತ ಸಿಗಲಿಲ್ರಿ ಕಾಕಾ. ಹೆಂಗ ಆಗ್ಯಾವ?"

"ಚಂದ ಆಗ್ಯಾವ."

ಅವರೇ ಕೂತು ಎಂಟನ್ನೂ ದಾರದಿಂದ ತೊಟ್ಟಿಲಿಗೆ ಕಟ್ಟಿಕೊಟ್ಟರು. "ಹೂಂ" ಅನ್ನಲಿಲ್ಲ. ಅದು ನನಗೆ ಹೊಳೆದದ್ದು ಶಲವಡಿಯಿಂದ ತಿರುಗಿ ಬರುವಾಗ.

ಬಸ್ಸಿನ ಮೇಲೆ ತೊಟ್ಟಿಲು ಹೇರಿಕೊಂಡು, ಹುಬ್ಬಳ್ಳಿಯಲ್ಲಿ ಇಳಿಸಿ ಮತ್ತೆ ಹೇರಿ, ಹೋಗಿ ಮುಟ್ಟಿದೆವು. ಪಡಸಾಲೆಯಲ್ಲಿ ಕಟ್ಟಿದಾಗ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಅತ್ತೆ ಏನೂ ಅನ್ನಲಿಲ್ಲ. ಏನೂ ಅನ್ನದ್ದೇ ಗೆಲುವು ಅಂತ ಅಕ್ಕ ನನ್ನ ಕೈ ಹಿಚುಕಿದಳು. ಕೂಸನ್ನು ಹಾಕಿ, ಹೆಸರು ಕೂಗಿ, ಪದ ಹಾಡಿ, ಮಂದಿ ಊಟಕ್ಕೆ ಕೂತರು.

ಅಷ್ಟರಲ್ಲಿ ಅಕ್ಕನ ನಾದಿನಿಯ ಮೂರು ವರ್ಷದ ಮಗಳು ಮಣೆಯ ಮೇಲೆ ನಿಂತು ಕೆಳಗಿನ ಗೊಂಬೆ ಕಿತ್ತುಕೊಂಡಿದ್ದಳು. ಹಸಿರು ರುಮಾಲಿನವನನ್ನೇ. ಬಾಯಲ್ಲಿಟ್ಟು ಚೀಪಿಕೊಂಡು ಊಟದ ಪಂಕ್ತಿಗೆ ಬಂದಳು. ತುಟಿ ಹಸಿರು, ನಾಲಿಗೆ ಹಸಿರು, ಅಂಗೈಯಲ್ಲಿ ರೈತನ ಮುಖ ಸಿಪ್ಪೆಯಂತೆ ಎದ್ದು ಬಂದಿತ್ತು, ಕಣ್ಣುಸಹಿತ.

"ಏನ್ ಹಚ್ಚಿ ತಂದೀ ಬೇ? ವಿಷಾ ಹಚ್ಚಿ ತಂದೇನು?" ಅತ್ತೆ ಎಲೆಯ ಮುಂದಿನಿಂದ ಎದ್ದಳು.

ಹುಡುಗಿಯ ಬಾಯಿ ತೊಳೆದರು, ಹಾಲು ಕುಡಿಸಿದರು, ಡಾಕ್ಟರ ಹತ್ತಿರ ಓಡಿದರು. ಏನೂ ಆಗಲಿಲ್ಲ. ಸಂಜೆಗೆ ಹೋಳಿಗೆ ಬೇಡಿ ಅತ್ತಳು. ಆದರೆ ಆ ನಡುವಿನ ಮೂರು ತಾಸು ನನ್ನ ಜೀವ ಎಲ್ಲಿತ್ತೋ ನನಗೆ ಗೊತ್ತಿಲ್ಲ. ಎಂಟೂ ಗೊಂಬೆ ತಿಪ್ಪೆಗೆ ಹೋದವು. ತೊಟ್ಟಿಲಿಗೂ ಒದ್ದೆ ಅರಿವೆ ಹಾಕಿ ಗಸಗಸ ತಿಕ್ಕಿ ನೋಡಿದರು. ಕಾಕಾನ ಒಂದು ಗಿಳಿಯ ರೆಕ್ಕೆಯೂ ಮಾಸಲಿಲ್ಲ. ಬಾಗಿಲವರೆಗೆ ಬಂದ ಅಕ್ಕ ನೆಲ ನೋಡುತ್ತ ಹೇಳಿದಳು: "ಇನ್ನ ನೀ ಏನೂ ತರಬ್ಯಾಡ."

ಬಸ್ಸಿನಲ್ಲಿ ಕೂತಾಗ ಆ ಉಗುರು ನೆನಪಾಯಿತು. ಕೆರೆದದ್ದು, ಒರೆಸಿಕೊಂಡದ್ದು. ಬಣ್ಣ ಏಳದಿದ್ದರೆ ಒರೆಸಿಕೊಳ್ಳುವುದೇಕೆ?

ಮರುದಿನ ಹೋಗಿ ಪಡಸಾಲೆಯಲ್ಲಿ ನಿಂತೇ ಕೇಳಿದೆ. "ನಿಮಗ ಗೊತ್ತಿತ್ತಲ್ರಿ?"

ಅವರು ಕುಂಚ ಕೆಳಗಿಡಲಿಲ್ಲ. ಒಳಗಿನಿಂದ ಅವರ ಹೆಂಡತಿ ಬಂದು ಹೇಳಿಬಿಟ್ಟರು. ಗೊಂಬೆ ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಕಾರಖಾನೆಯಲ್ಲಿ ಎಣ್ಣೆ ಸವರಿರುತ್ತಾರೆ. ಅದರ ಮೇಲೆ ಬಣ್ಣ ಕೂಡುತ್ತದೆ, ಹಿಡಿಯುವುದಿಲ್ಲ. ಅಂಟಲಕಾಯಿ ನೊರೆಯಲ್ಲಿ ನೆನೆಸಿ, ಬೂದಿ ಹಾಕಿ ತೊಳೆದು, ಇಟ್ಟಂಗಿ ಪುಡಿಯಿಂದ ತಿಕ್ಕಿ, ನೆರಳಲ್ಲಿ ಒಣಗಿಸಬೇಕು. ತವರುಮನಿ ಅಂದರೆ ಅದು. ಎರಡು ವರ್ಷ ನನ್ನ ಒಂದೊಂದು ಗೊಂಬೆಯನ್ನೂ ಹಿತ್ತಲಲ್ಲಿ ಕೂತು ತೊಳೆದವರು ಆ ತಾಯಿ. "ಹೇಳಬ್ಯಾಡ ಅಂದಿದ್ರು ತಂಗಿ," ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಮ್ಯಾಲೆ ತೂಗೂವು, ಯಾರ ಮುಟ್ತಾರ ಅಂತ ಮಾಡಿದ್ದೆ," ಅಂದರು ಕಾಕಾ.

"ಯಾಕ ಹೇಳಲಿಲ್ರಿ? ಒಂದ ಮಾತು."

"ಹೇಳಿದ್ರ ಕಲತ್ ಬಿಡ್ತಿದ್ದಿ." ಆಗ ತಲೆ ಎತ್ತಿದರು. "ಕಲತ ಮ್ಯಾಲೆ ಈ ಹೊಸ್ತಿಲಾ ತುಳಿಯೂದಿಲ್ಲ ಅಂತ ನೀನ ಹೇಳಿದ್ಯಲ್ಲ ಬೇ."

ಅವರ ಇಬ್ಬರು ಮಕ್ಕಳೂ ಕುಂಚ ಮುಟ್ಟದೆ ಬೇರೆ ಕೆಲಸ ಹಿಡಿದಿದ್ದರು. ಆ ಪಡಸಾಲೆಯಲ್ಲಿ ಮಾತಾಡಲು ಬರುತ್ತಿದ್ದವಳು ನಾನೊಬ್ಬಳೇ. ಇದೆಲ್ಲ ನನಗೆ ಆಗಲೂ ಕಾಣುತ್ತಿತ್ತು. ಆದರೆ ಆ ಹುಡುಗಿಯ ಹಸಿರು ನಾಲಿಗೆಯೂ ಕಾಣುತ್ತಿತ್ತು. "ಕಲತೆ ಬಿಡ್ರಿ ಕಾಕಾ," ಅಂದು ಇಳಿದು ಬಂದೆ. ಶಲವಡಿಗೆ ಹೊರಡುವ ಮುಂಜಾನೆ ಕೊಟ್ಟುಹೋಗಿದ್ದ ನನ್ನ ಹೊಸ ಗೊಂಬೆಯ ಬುಟ್ಟಿ ಅವರ ಮನೆಯಲ್ಲೇ ಉಳಿಯಿತು. ಕೇಳಲು ಹೋಗಲಿಲ್ಲ.

ಆಮೇಲೆ ನಾನು ಬೆಳೆದೆ. ಸ್ವಂತ ಅಂಗಡಿಯಾಯಿತು. ಅಕ್ಕನ ಮನೆಯ ಬಾಗಿಲು ತೆರೆಯಲು ಬಹಳ ವರ್ಷ ಹಿಡಿಯಿತು. ತೆರೆದರೂ ಮೊದಲಿನಂತೆ ತೆರೆಯಲಿಲ್ಲ. ಕಾಕಾ ಸಂತೆಯಲ್ಲಿ ಎದುರಾದರೆ ನಾನು ಬೇರೆ ಸಾಲಿಗೆ ಹೊರಳುತ್ತಿದ್ದೆ.

ಅವರು ತೀರಿಕೊಂಡ ಸುದ್ದಿ ಬಂದಾಗ ಹೋದೆ. ಮಣ್ಣು ಮುಗಿಸಿ ಮಂದಿ ಚದುರಿದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದು, ಮೂಲೆಯಿಂದ ಒಂದು ಬುಟ್ಟಿ ಎಳೆದರು. ನನ್ನದೇ ಬುಟ್ಟಿ. ಒಳಗೆ ಹದಿನೇಳು ಸಿಪಾಯಿಗಳು. ತೊಳೆದು, ತಿಕ್ಕಿ, ಬಿಳಿ ಅಸ್ತರ ಕೊಟ್ಟು, ಹಳೇ ಅರಿವೆಯಲ್ಲಿ ಒಂದೊಂದನ್ನೇ ಸುತ್ತಿ ಇಟ್ಟಿದ್ದರು. ಯಾವುದಕ್ಕೂ ಕಣ್ಣಿರಲಿಲ್ಲ.

"ಇವನ್ನ ನಾ ತೊಳದಿಲ್ಲ ತಂಗಿ. ತಾವ ತೊಳದ್ರು. ಬಂದ್ರ ಬೇಕಾಗ್ತಾವ ಅಂತ."

ಬುಟ್ಟಿಯನ್ನು ಮನೆಗೆ ತಂದೆ. ಯಾಕೆ ಬಿಡಲಿ, ಮಾಲು ನನ್ನದು. ಬಣ್ಣ ಉಣಿಸಿದೆ, ಕಣ್ಣು ಬರೆದೆ, ಮಾರಿದೆ. ಒಂದರ ಬಣ್ಣವೂ ಎದ್ದಿತು ಅಂತ ಯಾರೂ ತಿರುಗಿ ತಂದಿಲ್ಲ. ಇಷ್ಟರಿಂದ ಲೆಕ್ಕ ಚುಕ್ತಾ ಆಯಿತು ಅಂತ ತಿಳಿಯಬೇಡಿ. ಆ ಎಂಟು ಗೊಂಬೆಯ ಬಗ್ಗೆ ಅವರು ಆಡದ ಒಂದು ಮಾತನ್ನು ಈ ಹದಿನೇಳು ತುಂಬಿಕೊಡಲಿಲ್ಲ.

ಈಗ ನನ್ನ ಹತ್ತಿರ ಕಲಿಯಲು ಬರುತ್ತಾರೆ. ಮೊದಲ ದಿನವೇ ಹಿತ್ತಲಲ್ಲಿ ಕೂಡಿಸಿ ತೊಳೆಯುವುದನ್ನು ಕಲಿಸುತ್ತೇನೆ. ಎರಡೇ ತಿಂಗಳಿಗೆ ಎಲ್ಲ ಕಲಿತು ಹೋಗುತ್ತಾರೆ. ಹೋದವರು ಯಾರೂ ಸುಮ್ಮನೆ ಮಾತಾಡಲು ಅಂತ ತಿರುಗಿ ಬಂದಿಲ್ಲ. ಹೋಗಲಿ. ನನ್ನ ಬಲಗೈ ಕಿರುಬೆರಳಿಗೂ ಈಗ ಅರ್ಧ ಇಂಚು ಉಗುರಿದೆ. ಕಲಿಯುವವರು ತೋರಿಸಲು ತಂದ ಗೊಂಬೆಯ ಹಿಮ್ಮಡವನ್ನು ಅದರಿಂದಲೇ ಕೆರೆಯುತ್ತೇನೆ. ಬಣ್ಣ ಎದ್ದರೆ, ನಾಳೆ ಬೆಳಗಾದರೆ ಅವರ ಅಕ್ಕನ ಮನೆಯಲ್ಲಿ ತೊಟ್ಟಿಲ ಶಾಸ್ತ್ರವಿದ್ದರೂ, ಎದ್ದಿತು ಅಂತ ಬಾಯಿಬಿಟ್ಟು ಹೇಳುತ್ತೇನೆ.